ಹ್ಯಾಸ್ಕೆಲ್, ರ‍್ಯಾಕೆಟ್, ಓಕ್ಯಾಮಲ್: ಮೂರರಲ್ಲೂ ಪಾಠ ಮಾಡಿ ನೋಡಿದೆ

ಯೂನಿವರ್ಸಿಟಿಯಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ (ವೇರಿಯಬಲ್ ಬದಲಾಯಿಸದೆ ಫಂಕ್ಷನ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಬರೆಯುವ ರೀತಿ) ಕೋರ್ಸನ್ನು ಮೂರು ಸಲ ಕಲಿಸಿದೆ, ಪ್ರತಿ ಸಲ ಬೇರೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಯಾವ ಭಾಷೆ ಚೆಂದ ಅನ್ನೋ ಚರ್ಚೆ ಇಲ್ಲಿ ಬೇಡ. ವಿದ್ಯಾರ್ಥಿ ತಪ್ಪು ಮಾಡಿದಾಗ ಆ ಭಾಷೆ ಅವನಿಗೆ ಏನು ಹೇಳುತ್ತದೆ, ಆ ಮಾತನ್ನು ಅರ್ಥ ಮಾಡಿಕೊಳ್ಳಲು ಆ ವಾರದ ಪಾಠ ಸಾಕಾ? ನಾನು ನೋಡಿದ್ದು ಇಷ್ಟೇ.

ಒಂದು ಚಿಕ್ಕ ಉದಾಹರಣೆ ತಗೊಳ್ಳಿ. ಮೊದಲ ವಾರವೇ ಎಲ್ಲರೂ ಸರಾಸರಿ ಲೆಕ್ಕ ಹಾಕುವ ಫಂಕ್ಷನ್ ಬರೆಯುತ್ತಾರೆ: ಲಿಸ್ಟಿನ ಮೊತ್ತ, ಅದನ್ನು ಉದ್ದದಿಂದ ಭಾಗಿಸು. ಹ್ಯಾಸ್ಕೆಲ್‌ನಲ್ಲಿ ಇದು ಕಂಪೈಲ್ ಆಗುವುದಿಲ್ಲ. ಉದ್ದ ಬರುವುದು ಇಂಟ್ (ಪೂರ್ಣಾಂಕ) ಆಗಿ, ಭಾಗಾಕಾರಕ್ಕೆ ಬೇಕಾದದ್ದು ಫ್ರಾಕ್ಷನಲ್ (ಭಿನ್ನರಾಶಿ ಹಿಡಿಯಬಲ್ಲ ಸಂಖ್ಯೆ). ಹಾಗಾಗಿ 'ಫ್ರಾಕ್ಷನಲ್ ಇಂಟ್‌ಗೆ ಇನ್‌ಸ್ಟೆನ್ಸ್ ಇಲ್ಲ' ಅನ್ನೋ ಅರ್ಥದ ಎರರ್ ಬರುತ್ತದೆ. ನಮಗೆ ಗೊತ್ತು, ಅದು ಸರಿಯಾದ ಮಾತೇ. ಆದರೆ ಇನ್‌ಸ್ಟೆನ್ಸ್ ಅಂದರೇನು ಅಂತ ಹೇಳಬೇಕಾದರೆ ಟೈಪ್ ಕ್ಲಾಸ್ (ಒಂದೇ ಥರದ ಕೆಲಸಕ್ಕೆ ಒಗ್ಗುವ ಟೈಪ್‌ಗಳ, ಅಂದರೆ ಬೆಲೆಗಳ ಬಗೆಗಳ, ಗುಂಪು) ಹೇಳಬೇಕು, ನನ್ನ ಪಾಠದಲ್ಲಿ ಅದು ಬರುವುದು ಆರನೇ ವಾರ. ಉದ್ದ ಹೇಳುವ ಫಂಕ್ಷನ್‌ನ ಟೈಪ್ ಕೇಳಿದರೂ ಇದೇ ಕಥೆ, 2015ರಲ್ಲಿ ಬಂದ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 7.10ರಿಂದ ಅಲ್ಲಿ 'ಲಿಸ್ಟ್' ಅಂತ ಇರುವುದಿಲ್ಲ, 'ಫೋಲ್ಡಬಲ್' (ಲಿಸ್ಟಿನಂತೆ ಒಳಗಿನದನ್ನು ಒಂದೊಂದಾಗಿ ಕೂಡಿಸಿಕೊಳ್ಳಬಹುದಾದ ಯಾವುದೇ ರಚನೆ) ಅಂತ ಇರುತ್ತದೆ. ಪಳಗಿದವರಿಗೆ ಅದು ಅನುಕೂಲ. ಎರಡನೇ ದಿನದ ವಿದ್ಯಾರ್ಥಿಗೆ ಬೇಲಿ.

ಅದೇ ಸರಾಸರಿ ರ‍್ಯಾಕೆಟ್‌ನಲ್ಲಿ ಸುಮ್ನೆ ಕೆಲಸ ಮಾಡುತ್ತದೆ. 7ನ್ನು 2ರಿಂದ ಭಾಗಿಸಿದರೆ ಉತ್ತರ ನಿಖರವಾದ ಭಿನ್ನರಾಶಿಯೇ, ಪೂರ್ಣಾಂಕಕ್ಕೆ ಕತ್ತರಿಸಿದ 3 ಅಲ್ಲ. ಖಾಲಿ ಲಿಸ್ಟ್ ಕೊಟ್ಟರೆ ಸೊನ್ನೆಯಿಂದ ಭಾಗಿಸಿದಿರಿ ಅಂತ ಅಲ್ಲೇ ನಿಂತುಬಿಡುತ್ತದೆ. ಓಕ್ಯಾಮಲ್ ಮಾತ್ರ ಮುಖಕ್ಕೇ ಹೇಳುತ್ತದೆ: ಇದರ ಟೈಪ್ ಇಂಟ್, ಇಲ್ಲಿ ಬೇಕಿದ್ದದ್ದು ಫ್ಲೋಟ್ (ದಶಮಾಂಶ ಸಂಖ್ಯೆ). ಪೂರ್ಣಾಂಕಕ್ಕೆ ಒಂದು ಕೂಡುವ ಚಿಹ್ನೆ, ದಶಮಾಂಶಕ್ಕೆ ಪಕ್ಕದಲ್ಲಿ ಚುಕ್ಕೆ ಇರುವ ಇನ್ನೊಂದು ಚಿಹ್ನೆ. ನೋಡಲು ಚೆನ್ನಾಗಿಲ್ಲ, ಹುಡುಗರು ಗೊಣಗುತ್ತಾರೆ. ಆದರೆ ಆ ಎರರ್ ಓದಲು ಇಂಟ್, ಫ್ಲೋಟ್ ಎರಡೇ ಪದ ಗೊತ್ತಿದ್ದರೆ ಸಾಕು.

ಹ್ಯಾಸ್ಕೆಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ನನಗೆ ತುಂಬಾ ಇಷ್ಟವಾದ ಭಾಷೆ ಅದೇ. ಅದರ ಮೊದಲ ವರದಿ ಬಂದದ್ದು 1990ರಲ್ಲಿ, ಹೆಸರು ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರದ್ದು. ಕೊನೆಯೇ ಇಲ್ಲದ ಲಿಸ್ಟಿನಿಂದ ಮೊದಲ ಐದನ್ನು ಎತ್ತಿಕೊಂಡು ತೋರಿಸಿದ ದಿನ ಇಡೀ ಕ್ಲಾಸ್ ಸ್ತಬ್ಧವಾಗಿತ್ತು, ಅಂಥ ಕ್ಷಣ ಬೇರೆ ಎರಡು ಭಾಷೆಗಳಲ್ಲಿ ನನಗೆ ಸಿಗಲಿಲ್ಲ. ಇನ್ನೊಂದು ಗುಣ, ಕಳ್ಳದಾರಿ ಇಲ್ಲ. ವೇರಿಯಬಲ್ ಬದಲಾಯಿಸಿ ಲೂಪ್ ಬರೆಯುವ ಅಭ್ಯಾಸ ಇದ್ದವರು ಬೇರೆ ದಾರಿಯಿಲ್ಲದೆ, ಫಂಕ್ಷನ್ ತನ್ನನ್ನೇ ಕರೆಯುವ ರಿಕರ್ಷನ್‌ನಲ್ಲಿ ಯೋಚಿಸಲು ಶುರು ಮಾಡುತ್ತಾರೆ. ಆದರೆ ಕೊನೆಯಿಲ್ಲದ ಲಿಸ್ಟನ್ನು ಸಾಧ್ಯ ಮಾಡುವ, ಬೇಕಾದಾಗ ಮಾತ್ರ ಲೆಕ್ಕ ಹಾಕುವ ಅದೇ ಸೋಮಾರಿ ಲೆಕ್ಕಾಚಾರ ತಪ್ಪು ಹುಡುಕುವಾಗ ಎದುರು ನಿಲ್ಲುತ್ತದೆ. ಫಂಕ್ಷನ್ ಮಧ್ಯೆ ಏನು ನಡೀತಿದೆ ಅಂತ ಪ್ರಿಂಟ್ ಮಾಡಲು ಹೊರಟರೆ ಟೈಪ್ ಬಿಡುವುದಿಲ್ಲ. ಮಧ್ಯದಲ್ಲೇ ಪ್ರಿಂಟ್ ಮಾಡಿಸುವ ಡೀಬಗ್ ಟ್ರೇಸ್ ಬಳಸಿದರೆ ಸಾಲುಗಳು ಬೆಲೆ ಬೇಕಾದ ಕ್ರಮದಲ್ಲಿ ಬರುತ್ತವೆ, ಕೋಡ್ ಬರೆದ ಕ್ರಮದಲ್ಲಲ್ಲ. ಎಡದಿಂದ ಮಡಿಸುವ ಮಾಮೂಲಿ ಫೋಲ್ಡ್‌ನಿಂದ ದೊಡ್ಡ ಲಿಸ್ಟ್ ಕೂಡಿದಾಗ ಮಾಡದೇ ಉಳಿದ ಕೂಡುವಿಕೆಗಳು ರಾಶಿ ಬಿದ್ದು ಮೆಮೊರಿ ತಿನ್ನುತ್ತವೆ. ಕಂಪೈಲರ್‌ನ ಆಪ್ಟಿಮೈಸೇಷನ್ (ಕೋಡ್ ವೇಗಗೊಳಿಸುವ ಆಯ್ಕೆ) ಹಾಕಿದರೆ ಅದು ಮಾಯವಾಗುತ್ತದೆ, ಯಾಕೆ ಮಾಯವಾಯಿತು ಅಂತ ವಿವರಿಸಲು ಇನ್ನೊಂದು ಕ್ಲಾಸ್ ಬೇಕು. ನನ್ನ ಆಫೀಸ್ ಅವರ್ಸ್ ಪೂರ್ತಿ ಇಂಥದ್ದರಲ್ಲೇ ಹೋಯಿತು.

ರ‍್ಯಾಕೆಟ್‌ನ ಬಲ ಅದರ ಡಾಕ್ಟರ್ ರ‍್ಯಾಕೆಟ್ ಎಡಿಟರ್, ಅದರಲ್ಲೂ ಸ್ಟೆಪ್ಪರ್. ಒಂದು ಎಕ್ಸ್‌ಪ್ರೆಶನ್ ಕೊಟ್ಟರೆ ಒಂದೊಂದೇ ಹೆಜ್ಜೆಯಾಗಿ, ಫಂಕ್ಷನ್ ಕರೆದ ಜಾಗಕ್ಕೆ ಅದರ ಒಡಲನ್ನು ಇಟ್ಟು ಬಿಡಿಸುತ್ತಾ ಹೋಗುತ್ತದೆ. ರಿಕರ್ಷನ್ ಅರ್ಥವಾಗದೆ ಕೂತಿದ್ದ ಹುಡುಗಿಯೊಬ್ಬಳು ಒಂದು ಲಿಸ್ಟಿನ ಮೊತ್ತ ಹೆಜ್ಜೆ ಹೆಜ್ಜೆಯಾಗಿ ಬಿಚ್ಚಿಕೊಳ್ಳುವುದನ್ನು ನೋಡಿ 'ಇಷ್ಟೇನಾ' ಅಂದಳು. ಬೋರ್ಡಿನ ಮೇಲೆ ನಾನು ಎರಡು ಕ್ಲಾಸ್ ಬರೆದರೂ ಅದು ಆಗಿರಲಿಲ್ಲ. ಶುರುವಿನವರಿಗೆ ಅಂತಲೇ ಇರುವ ಚಿಕ್ಕ ಭಾಷೆಗಳಲ್ಲಿ ವೇರಿಯಬಲ್ ಬದಲಾಯಿಸುವ ಸೌಲಭ್ಯವೇ ಇಲ್ಲ, ಅದೂ ಒಳ್ಳೆಯದೇ. ಆವರಣಗಳ ದೂರು ಒಂದೇ ವಾರದಲ್ಲಿ ನಿಂತುಹೋಯಿತು.

ತೊಂದರೆ ಶುರುವಾದದ್ದು ಟ್ರೀಗಳಿಗೆ (ಕೊಂಬೆಯಂತೆ ಕವಲೊಡೆಯುವ ಡೇಟಾ, ಒಂದೊಂದು ಕವಲು ಒಂದು ನೋಡ್) ಬಂದಾಗ. ನೋಡ್ ಇರಬೇಕಾದ ಕಡೆ ಒಬ್ಬ ಸಂಖ್ಯೆ ಇಟ್ಟ. ರ‍್ಯಾಕೆಟ್ ಟೈಪನ್ನು ಮೊದಲೇ ನೋಡುವುದಿಲ್ಲವಾದ್ದರಿಂದ ಅದು ಸಿಡಿದದ್ದು ಮೂರು ಫಂಕ್ಷನ್ ಆಚೆ, ಓಡಿಸುವಾಗ. ಕೋಡ್ ಬೆಳೆದಷ್ಟೂ ತಪ್ಪಿಗೂ ಎರರ್‌ಗೂ ನಡುವಿನ ದೂರ ಬೆಳೆಯುತ್ತದೆ, ಟೆಸ್ಟ್ ಬರೆಯದವರು ಅಲ್ಲೇ ಕಳೆದುಹೋಗುತ್ತಾರೆ.

ಓಕ್ಯಾಮಲ್ ನನ್ನ ಮನಸ್ಸು ಗೆದ್ದದ್ದು ಇಲ್ಲೇ. ಲೆಕ್ಕದ ಎಕ್ಸ್‌ಪ್ರೆಶನ್‌ಗೆ ಒಂದು ಟೈಪ್ ಬರೆಸುತ್ತೇನೆ: ಸಂಖ್ಯೆ, ಕೂಡುವಿಕೆ, ಗುಣಾಕಾರ. ಅದರ ಬೆಲೆ ಕಟ್ಟುವ ಫಂಕ್ಷನ್, ಪ್ರಿಂಟ್ ಮಾಡುವ ಫಂಕ್ಷನ್, ಸರಳಗೊಳಿಸುವ ಫಂಕ್ಷನ್ ಎಲ್ಲಾ ಮುಗಿದ ಮೇಲೆ ಟೈಪ್‌ಗೆ ಭಾಗಾಕಾರ ಸೇರಿಸಿ ಅಂತೀನಿ. ತಕ್ಷಣ ಕಂಪೈಲರ್ ಆ ಫಂಕ್ಷನ್‌ಗಳಲ್ಲಿ ಕೇಸ್‌ವಾರು ಬರೆದ ಪ್ಯಾಟರ್ನ್ ಮ್ಯಾಚ್‌ಗಳನ್ನೆಲ್ಲ ತೋರಿಸಿ, ಬಿಟ್ಟುಹೋದ ಕೇಸ್ ಇದು ಅಂತ ಉದಾಹರಣೆ ಸಮೇತ ಎಚ್ಚರಿಸುತ್ತದೆ. ಏನೂ ಸೆಟ್ ಮಾಡಬೇಕಾಗಿಲ್ಲ. ಹ್ಯಾಸ್ಕೆಲ್‌ನಲ್ಲೂ ಇದು ಇದೆ, ಆದರೆ ವಾರ್ನಿಂಗ್ ಆನ್ ಮಾಡಿ ಅಂತ ನಾವೇ ಹೇಳಿಕೊಡಬೇಕು, ಮರೆತವರಿಗೆ ಸಿಗುವುದಿಲ್ಲ.

ಓಕ್ಯಾಮಲ್‌ನ ಕೊರತೆ ಎರಡು. ರೆಫ್ (ಬೆಲೆ ಬದಲಾಯಿಸಬಹುದಾದ ವೇರಿಯಬಲ್), ಫಾರ್ ಲೂಪ್ ಎರಡೂ ಇರುವುದರಿಂದ ಮೊದಲ ಅಸೈನ್‌ಮೆಂಟ್‌ನಲ್ಲೇ ಅರ್ಧ ಕ್ಲಾಸ್ ಲೂಪ್ ಬರೆದು ತಂದಿತು, ಅವನ್ನು ಬಳಸಬಾರದು ಅಂತ ನಿಯಮ ಹಾಕಬೇಕಾಯಿತು. ಇನ್ನೊಂದು, ಸಾಲು ಕೊಟ್ಟರೆ ತಕ್ಷಣ ಉತ್ತರ ತೋರಿಸುವ ಟಾಪ್‌ಲೆವೆಲ್‌ನಲ್ಲಿ ಬೆಲೆ ಚೆನ್ನಾಗಿ ಕಾಣುತ್ತದೆ, ಪ್ರೋಗ್ರಾಮಿನೊಳಗೆ ಒಂದು ಲಿಸ್ಟ್ ಪ್ರಿಂಟ್ ಮಾಡಬೇಕಂದರೆ ಅದಕ್ಕೆ ನೀವೇ ಫಂಕ್ಷನ್ ಬರೆಯಬೇಕು. ಹ್ಯಾಸ್ಕೆಲ್‌ನಲ್ಲಿ ಟೈಪ್ ಜೊತೆ ಡಿರೈವಿಂಗ್ ಶೋ ಅಂತ ಬರೆದರೆ ಮುಗೀತು, ಪ್ರಿಂಟ್ ಮಾಡುವುದನ್ನು ಕಂಪೈಲರೇ ಬರೆದುಕೊಳ್ಳುತ್ತದೆ.

ಈಗ ಹದಿನಾಲ್ಕು ವಾರದ ಕೋರ್ಸಿಗೆ ಹೀಗೆ ಹಂಚಿಕೊಂಡಿದ್ದೇನೆ: ಮೊದಲ ಮೂರು ವಾರ ರ‍್ಯಾಕೆಟ್, ಸ್ಟೆಪ್ಪರ್‌ಗೋಸ್ಕರ. ಆಮೇಲೆ ಒಂಬತ್ತು ವಾರ ಓಕ್ಯಾಮಲ್, ಅಸೈನ್‌ಮೆಂಟ್ ಎಲ್ಲಾ ಇದರಲ್ಲೇ. ಕೊನೆಯ ಎರಡು ವಾರ ಹ್ಯಾಸ್ಕೆಲ್, ಅದರಲ್ಲಿ ಪರೀಕ್ಷೆ ಇಲ್ಲ. ಅಷ್ಟರಲ್ಲಿ ಟೈಪ್ ಓದುವ ಅಭ್ಯಾಸ ಆಗಿರುತ್ತದೆ, ಟೈಪ್ ಕ್ಲಾಸ್ ಯಾಕೆ ಬೇಕು ಅಂತ ಆ ಚುಕ್ಕೆ ಇಟ್ಟ ಕೂಡುವ ಚಿಹ್ನೆಯೇ ಅವರಿಗೆ ಹೇಳಿರುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿಯಲು ಹೆಚ್ಚುಕಡಿಮೆ ಒಂದು ವಾರ ಹೋಗುತ್ತದೆ, ಅದು ನಿಜ. ನಿಮ್ಮ ಕೋರ್ಸ್ ಎಂಟೇ ವಾರದ್ದಾಗಿದ್ದರೆ ಈ ಮಿಶ್ರಣಕ್ಕೆ ಹೋಗಬೇಡಿ, ಓಕ್ಯಾಮಲ್ ಒಂದನ್ನೇ ಹಿಡಿಯಿರಿ, ಮೊದಲ ದಿನವೇ ರೆಫ್ ಬಳಸಬಾರದು ಅಂತ ಹೇಳಿಬಿಡಿ.