ಗಾಳದ ಎರೆಹುಳಕ್ಕೆ ಹಿಂಡಿ ಹಾಕೋ ಮುಂಚೆ ಇದನ್ನು ಓದಿ

ಭಾನುವಾರ ಕೆರೆಗೆ ಹೋಗೋದಿದೆ, ಅಷ್ಟರಲ್ಲಿ ಹುಳ ಸ್ವಲ್ಪ ದಪ್ಪಗಾಗಲಿ ಅಂತ ಬುಧವಾರ ಎರಡು ಹಿಡಿ ಕಡಲೆಹಿಂಡಿಯನ್ನೋ ರಾಗಿ ಹಿಟ್ಟನ್ನೋ ಕಲಸಿ ಟಬ್ಬಿಗೆ ಸುರಿಯುತ್ತಾರೆ. ಶುಕ್ರವಾರ ಹುಳಿ ವಾಸನೆ. ಶನಿವಾರ ಬೆಳಿಗ್ಗೆ ನೋಡಿದರೆ ಅರ್ಧ ಹುಳ ಟಬ್ಬಿನ ಗೋಡೆ ಹತ್ತಿ ಓಡಿಹೋಗಿವೆ, ಉಳಿದರ್ಧ ಒಳಗೇ ಕರಗಿ ನಾರುತ್ತಿವೆ. ಗಾಳಕ್ಕೆಂದು ಮನೆಯಲ್ಲಿ ಎರೆಹುಳು ಸಾಕುವ ಕಡೆ ಪದೇ ಪದೇ ಆಗುವ ಅನಾಹುತ ಇದು.

ಹಿಟ್ಟು, ಹಿಂಡಿ ಒದ್ದೆಯಲ್ಲಿ ಬಲುಬೇಗ ಹುದುಗು ಬರುತ್ತವೆ. ಒಳಗೆಲ್ಲ ಬಿಸಿಯೇರುತ್ತದೆ, ಹುಳಿಯಾಗುತ್ತದೆ, ಗಾಳಿ ಸಾಲದಾಗುತ್ತದೆ. ಹಿಂಡಿಯಲ್ಲಿ ಪ್ರೋಟೀನ್ ಜಾಸ್ತಿ, ಹಾಗಾಗಿ ಅಮೋನಿಯಾ ಬೇರೆ. ತಿಂದ ಹುಳದ ಹೊಟ್ಟೆಯೊಳಗೂ ಅದೇ ಹುದುಗು ನಡೆಯುತ್ತಿರುತ್ತದೆ. ಅಂಥದ್ದೊಂದನ್ನು ಅಂಗೈ ಮೇಲಿಟ್ಟು ನೋಡಿ: ಮೈ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ಸಣ್ಣಗೆ ಬಿಗಿದು ನಡುನಡುವೆ ಉಬ್ಬಿ ಮಣಿಸರದ ಹಾಗಾಗಿರುತ್ತದೆ. ಉಬ್ಬಿದ ಕಡೆ ಬೆರಳು ತಾಗಿದರೆ ಸಾಕು, ಚರ್ಮ ಒಡೆಯುತ್ತದೆ. ಈ ಹಂತಕ್ಕೆ ಬಂದ ಹುಳ ಉಳಿಯುವುದಿಲ್ಲ, ಗಾಳದಲ್ಲೂ ನಿಲ್ಲುವುದಿಲ್ಲ.

ಅದರ ಮೇಲೆ ಸುಣ್ಣ! ಹುಳಿ ಮುರಿಯಲಿ ಅಂತ ಎಲೆಯಡಿಕೆ ಸುಣ್ಣವನ್ನೋ ಗೋಡೆ ಸುಣ್ಣವನ್ನೋ ಎರಚಿದರೆ ಬದುಕಿದ್ದವೂ ಹೋದವು. ಅದು ಹುಳದ ಒದ್ದೆ ಚರ್ಮವನ್ನು ಸುಡುತ್ತದೆ, ಗೊಬ್ಬರದಲ್ಲಿ ಅಡಗಿರುವ ಅಮೋನಿಯಾವನ್ನೂ ಗಾಳಿಗೆ ಬಿಡಿಸುತ್ತದೆ. ಹುಳಿಯಾಗದಂತೆ ತಡೆಯಲು ಮೊಟ್ಟೆಯ ಸಿಪ್ಪೆ ಒಣಗಿಸಿ ನುಣ್ಣಗೆ ಪುಡಿಮಾಡಿ ವಾರಕ್ಕೊಂದು ಚಮಚ ಉದುರಿಸಿ, ಅಷ್ಟೇ ಸಾಕು.

ವಾಸನೆ ಶುರುವಾದ ದಿನವೇ ಕಂಡರೆ ಇಡೀ ಟಬ್ಬನ್ನು ನೆರಳಲ್ಲಿ ಗೋಣಿಚೀಲದ ಮೇಲೆ ಸುರಿದು ಹರಡಿ. ಚುರುಕಾಗಿರುವ ಹುಳಗಳನ್ನಷ್ಟೇ ಆರಿಸಿ ಬೇರೆ ಟಬ್ಬಿಗೆ ಹಾಕಿ. ಅದರೊಳಗೆ ನೆನೆಸಿ ಹರಿದ ರಟ್ಟು ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇರಲಿ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರುವುದುಂಟು, ಮೂರು ಸಲ ನೀರು ಬದಲಿಸಿ ತೊಳೆಯದೆ ಬಳಸಬೇಡಿ. ಹಿಡಿಯಲ್ಲಿ ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ ಸರಿ. ನಾಲ್ಕೈದು ದಿನ ಏನೂ ತಿನ್ನಲು ಕೊಡಬೇಡಿ. ರಟ್ಟೇ ಅವಕ್ಕೆ ಊಟ.

ಆಮೇಲೂ ಕೈ ಬಿಗಿ ಇರಲಿ. 20 ಲೀಟರಿನ ಟಬ್ಬಲ್ಲಿ 200 ಹುಳ ಇದ್ದರೆ ಎರಡು ದಿನಕ್ಕೊಮ್ಮೆ 50 ಗ್ರಾಂ ತರಕಾರಿ ಸಿಪ್ಪೆ, ಅದೂ ಒಂದೇ ಮೂಲೆಯಲ್ಲಿ. ಹಾಕಿದ್ದು ಹಾಗೇ ಉಳಿದಿದ್ದರೆ ಆ ಸರದಿ ಬಿಡಿ. ಸಗಣಿ ಹಾಕುವುದಾದರೆ ಹದಿನೈದಿಪ್ಪತ್ತು ದಿನ ಹಳೆಯದು, ಒಳಗೆ ಕೈಯಿಟ್ಟರೆ ತಣ್ಣಗಿರಬೇಕು. ದನಕ್ಕೆ ಜಂತುಹುಳುವಿನ ಮದ್ದು ಕೊಟ್ಟಿದ್ದಾರಾ ಅಂತ ಕೇಳಿ ತನ್ನಿ, ಕೊಟ್ಟಿದ್ದರೆ ಒಂದು ತಿಂಗಳು ಆ ಸಗಣಿ ಬೇಡ. ಮದ್ದಿನ ಅಂಶ ಸಗಣಿಯಲ್ಲೇ ಹೊರಬರುತ್ತದೆ. ಇದನ್ನು ಯಾರೂ ಕೇಳುವುದೇ ಇಲ್ಲ.

ಇನ್ನು ದಪ್ಪ ಹುಳವೇ ಬೇಕೆಂದರೆ ತಳಿ ನೋಡಿ ತನ್ನಿ. ಗೊಬ್ಬರದ ಘಟಕಗಳಲ್ಲಿ ಸಿಗುವ ಐಸೀನಿಯಾ ಫೆಟಿಡಾ ಸಣ್ಣದು, ಚುಚ್ಚಿದರೆ ನಾರುವ ಹಳದಿ ರಸ ಬಿಡುತ್ತದೆ. ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೇ ಉದ್ದವೂ ದಪ್ಪವೂ ಹೌದು, ಆದರೆ ಚಳಿ ತಡೆಯುವುದಿಲ್ಲ. ಯಾವ ತಳಿಯಾದರೂ ಕಿಕ್ಕಿರಿದರೆ ಸಣಕಲಾಗುತ್ತವೆ. ಟಬ್ಬು ತುಂಬಿದಾಗ ಎರಡು ಮಾಡಿ. ಗಾಳಕ್ಕೆ ಹೋಗುವ ಹಿಂದಿನ ದಿನ ಬೇಕಾದಷ್ಟನ್ನು ಆರಿಸಿ ಒದ್ದೆ ತೆಂಗಿನ ನಾರಿನಲ್ಲಿಟ್ಟರೆ ಹೊಟ್ಟೆಯ ಮಣ್ಣು ಖಾಲಿಯಾಗಿ ಮೈ ಗಟ್ಟಿಯಾಗುತ್ತದೆ. ಮಿಕ್ಕ ಹುಳವನ್ನು ಕೆರೆ ದಂಡೆಗೆ ಚೆಲ್ಲಬೇಡಿ, ಹೊರಗಿನ ತಳಿ ಅದು. ಡಬ್ಬಿ ಸಮೇತ ಮನೆಗೆ ತನ್ನಿ.