ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ ಜೋಗ: ಟೂರ್ ಬಸ್ಸೋ, ಸಾರಿಗೆ ಸಂಸ್ಥೆಯ ಬಸ್ಸೋ, ಬಸ್ಸು ಬದಲಿಸುತ್ತ ಹೋಗುವುದೋ

ಮಳೆಗಾಲದ ಒಂದು ರವಿವಾರ ಹುಬ್ಬಳ್ಳಿಯಿಂದ ಜೋಗಕ್ಕೆ ಹೋಗಿ ಅದೇ ರಾತ್ರಿ ಮನೆ ಸೇರಬೇಕೆನ್ನುವವರಿಗೆ, ಸ್ವಂತ ಕಾರು ಇಲ್ಲದಿದ್ದರೆ, ಮೂರು ದಾರಿಗಳಿವೆ. ಖಾಸಗಿ ಟೂರ್ ಕಂಪನಿಯೊಂದರ ಪ್ಯಾಕೇಜ್ ಬಸ್ಸಿನಲ್ಲಿ ಹೋಗಬಹುದು. ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯು ಮಳೆಗಾಲದ ವಾರಾಂತ್ಯಗಳಲ್ಲಿ ಬಿಡುವ ಜೋಗದ ವಿಶೇಷ ಬಸ್ಸನ್ನು ಹತ್ತಬಹುದು. ಇಲ್ಲವೇ ಶಿರಸಿ, ಸಿದ್ದಾಪುರಗಳಲ್ಲಿ ಇಳಿದು ಹತ್ತುತ್ತ ಸಾಮಾನ್ಯ ಬಸ್ಸುಗಳಲ್ಲೇ ತಲುಪಬಹುದು. ಮೂರನ್ನೂ ಬೇರೆ ಬೇರೆ ಮಳೆಗಾಲಗಳಲ್ಲಿ, ವಯಸ್ಸಾದ ತಾಯಿಯನ್ನೂ ಹೆಂಡತಿ ಮಕ್ಕಳನ್ನೂ ಕರೆದುಕೊಂಡು, ಬಳಸಿ ನೋಡಿದ್ದೇನೆ. ಇನ್ನು ಮುಂದೆ ನಮ್ಮ ಮನೆಯವರು ಹೋಗುವುದಿದ್ದರೆ ಸಾರಿಗೆ ಸಂಸ್ಥೆಯ ವಿಶೇಷ ಬಸ್ಸಿನಲ್ಲಿಯೇ. ಇದಕ್ಕೆ ಕಾರಣ ದರವೂ ಅಲ್ಲ, ಆಸನದ ಮೆತ್ತೆಯೂ ಅಲ್ಲ. ಬಸ್ಸು ಜೋಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು.

ಈ ಮಾತಿನ ತೂಕ ತಿಳಿಯಬೇಕಾದರೆ ಮಳೆಗಾಲದ ಜೋಗ ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಶರಾವತಿಯು 253 ಮೀಟರ್ ಕೆಳಗೆ ಧುಮುಕುವ ಕಣಿವೆ ಪಶ್ಚಿಮಕ್ಕೆ ತೆರೆದುಕೊಂಡಿದೆ. ಕಡಲ ಕಡೆಯಿಂದ ಬರುವ ಮೋಡ ಆ ಕಣಿವೆಯನ್ನೇ ಹಿಡಿದು ಮೇಲೇರುತ್ತದೆ, ಬಿದ್ದ ನೀರಿನ ತುಂತುರು ಅದರೊಳಗೆ ಸೇರುತ್ತದೆ. ಹೀಗಾಗಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನೀರು ಹೆಚ್ಚಿದಷ್ಟೂ ಮಂಜೂ ಹೆಚ್ಚು. ಕಟ್ಟೆಯ ಅಂಚಿನಲ್ಲಿ ನಿಂತವರಿಗೆ ಎದುರಿನ ಬಂಡೆಯ ಮೊರೆತ ಎದೆಗೆ ತಾಗುವಂತೆ ಕೇಳುತ್ತಿರುತ್ತದೆ, ಕಣ್ಣಿಗೆ ಮಾತ್ರ ಬಿಳಿಯ ಹೊರತು ಏನೂ ಕಾಣುವುದಿಲ್ಲ. ಆ ಮಂಜು ಯಾವಾಗ ಸರಿಯುತ್ತದೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಹತ್ತು ನಿಮಿಷಕ್ಕೆ ಸರಿಯಬಹುದು, ಒಂದೂವರೆ ತಾಸು ಕಾಯಿಸಬಹುದು. ಸರಿದರೂ ಎರಡು ಮೂರು ನಿಮಿಷಗಳಲ್ಲಿ ಮತ್ತೆ ಕವಿಯಬಹುದು. ಆದ್ದರಿಂದ ಮಳೆಗಾಲದಲ್ಲಿ ಜೋಗ ನೋಡಲು ಹೋಗುವುದೆಂದರೆ ಜೋಗದಲ್ಲಿ ಕಾಯಲು ಹೋಗುವುದು ಎಂದೇ ಅರ್ಥ. ಕಾಯಲು ಬಿಡುವಿಲ್ಲದ ಬಸ್ಸು ಎಷ್ಟೇ ಅಗ್ಗವಾಗಿದ್ದರೂ ದುಬಾರಿಯೇ.

ನಾವು ಮೊದಲು ಹೋದದ್ದು ಟೂರ್ ಕಂಪನಿಯ ಬಸ್ಸಿನಲ್ಲಿ. ಅವರು ಹಂಚಿದ ಚೀಟಿಯಲ್ಲಿ ಜೋಗದ ಚಿತ್ರ ದೊಡ್ಡದಾಗಿತ್ತು, ಅದರ ಕೆಳಗೆ ಮುಂಡಗೋಡದ ಟಿಬೆಟಿಯನ್ ಮಂದಿರ, ಶಿರಸಿಯ ಮಾರಿಕಾಂಬಾ ದೇವಸ್ಥಾನ, ಸಹಸ್ರಲಿಂಗ ಎಂದು ಇನ್ನೂ ಮೂರು ಸ್ಥಳಗಳ ಹೆಸರಿದ್ದವು. ನಾಷ್ಟಾ, ಮಧ್ಯಾಹ್ನದ ಊಟ ಎರಡೂ ದರದಲ್ಲಿಯೇ ಸೇರಿದ್ದವು. ಮನೆಯ ಹತ್ತಿರವೇ ಬಂದು ಹತ್ತಿಸಿಕೊಳ್ಳುತ್ತೇವೆ ಎಂದು ಹೇಳಿದ್ದರು, ಹೇಳಿದಂತೆ ಬಂದರು ಕೂಡ. ಆದರೆ ಧಾರವಾಡದ ಜುಬಿಲಿ ಸರ್ಕಲ್‌ನಿಂದ ಹೊರಟ ಬಸ್ಸು ನವನಗರ, ಉಣಕಲ್, ವಿದ್ಯಾನಗರ, ಚೆನ್ನಮ್ಮ ಸರ್ಕಲ್ ಎಂದು ಎಲ್ಲ ಕಡೆ ನಿಂತು, ತಡವಾಗಿ ಬರುವವರಿಗೆ ಫೋನ್ ಮಾಡಿ ಕಾದು, ಊರು ದಾಟುವಷ್ಟರಲ್ಲಿ ಬೆಳಗಿನ ಒಳ್ಳೆಯ ಹೊತ್ತು ಕಳೆದುಹೋಗಿತ್ತು. ಮನೆ ಬಾಗಿಲಿಗೆ ಬಸ್ಸು ಬರುವ ಸುಖಕ್ಕೆ ಉಳಿದ ನಲವತ್ತು ಮನೆಗಳ ಬಾಗಿಲಿಗೆ ನಾವೂ ಹೋಗಬೇಕಾಗುತ್ತದೆ.

ಅದನ್ನಾದರೂ ಸಹಿಸಬಹುದಿತ್ತು. ನನಗೆ ಇಂದಿಗೂ ಬೇಸರ ತರುವುದು ಸಹಸ್ರಲಿಂಗದ ಸುತ್ತು. ಸಹಸ್ರಲಿಂಗವು ಶಾಲ್ಮಲಾ ನದಿಯ ಪಾತ್ರದಲ್ಲಿರುವ ಕಲ್ಲುಬಂಡೆಗಳ ಮೇಲೆ ಸೋದೆಯ ಅರಸರ ಕಾಲದಲ್ಲಿ ಕೆತ್ತಿಸಿದ ಲಿಂಗ, ನಂದಿಗಳ ಸಮೂಹ. ಚಳಿಗಾಲದ ಕೊನೆಯಲ್ಲಿ, ಬೇಸಿಗೆಯಲ್ಲಿ, ನೀರು ಇಳಿದಾಗ ಹೋದರೆ ಒಂದು ಬಂಡೆಯಿಂದ ಇನ್ನೊಂದಕ್ಕೆ ಕಾಲಿಡುತ್ತ ಅರ್ಧ ದಿನ ಕಳೆಯಬಹುದಾದ ಅಪೂರ್ವ ಸ್ಥಳ ಅದು. ಮಹಾಶಿವರಾತ್ರಿಗೆ ಜನ ಅಲ್ಲಿಗೆ ಹೋಗುವುದು ಸುಮ್ಮನೆ ಅಲ್ಲ. ಆದರೆ ಜುಲೈ ತಿಂಗಳಲ್ಲಿ ಶಾಲ್ಮಲೆ ತುಂಬಿ ಹರಿಯುತ್ತಿರುತ್ತಾಳೆ, ಲಿಂಗಗಳು ಬಹುಮಟ್ಟಿಗೆ ನೀರಿನ ಅಡಿಯಲ್ಲಿರುತ್ತವೆ. ನಾವು ಹೋದಾಗ ಕೆಂಪು ನೀರು ದಡದ ಮರಗಳ ಬುಡವನ್ನು ಸವರಿಕೊಂಡು ಓಡುತ್ತಿತ್ತು. ತೂಗುಸೇತುವೆಯ ಮೇಲೆ ನಿಂತು ಎಲ್ಲರೂ ಕೆಳಗೆ ನೋಡಿದೆವು. ನನ್ನ ಮಗಳು ಲಿಂಗ ಎಲ್ಲಿ ಎಂದು ಕೇಳಿದಳು. ಟೂರಿನ ಮ್ಯಾನೇಜರರು ನದಿಯ ಕಡೆಗೆ ಕೈ ತೋರಿಸಿದರು.

ದಾರಿಯ ಲೆಕ್ಕವನ್ನೂ ನೋಡಬೇಕು. ಸಹಸ್ರಲಿಂಗ ಇರುವುದು ಶಿರಸಿಯಿಂದ ಯಲ್ಲಾಪುರದ ರಸ್ತೆಯ ಕಡೆಗೆ. ಜೋಗ ಇರುವುದು ಶಿರಸಿಯಿಂದ ದಕ್ಷಿಣಕ್ಕೆ, ಸಿದ್ದಾಪುರದ ಆಚೆ. ಹೋಗಿ ಬರಲು ಮೂವತ್ತು ಕಿಲೋಮೀಟರಿಗೂ ಹೆಚ್ಚಿನ ಸುತ್ತು, ಅದೂ ಮಳೆಯಲ್ಲಿ, ಕಿರಿದಾದ ತಿರುವುಗಳ ರಸ್ತೆಯಲ್ಲಿ, ದೊಡ್ಡ ಬಸ್ಸಿನಲ್ಲಿ. ಕಾಣದ ಲಿಂಗಗಳನ್ನು ನೋಡಲು ಖರ್ಚಾದ ಆ ಎರಡು ತಾಸುಗಳನ್ನು ಜೋಗದ ಪಾಲಿನಿಂದಲೇ ಕಳೆಯಲಾಯಿತು. ಚೀಟಿಯನ್ನು ಬೇಸಿಗೆಗೊಂದು, ಮಳೆಗಾಲಕ್ಕೊಂದು ಎಂದು ಬೇರೆ ಬೇರೆ ಮಾಡಲು ಯಾವ ಕಷ್ಟವೂ ಇಲ್ಲ. ಸ್ಥಳಗಳ ಹೆಸರು ಹೆಚ್ಚಿದ್ದರೆ ಟಿಕೆಟ್ ಬೇಗ ಮಾರಾಟವಾಗುತ್ತದೆ ಎಂಬ ಒಂದೇ ಲೆಕ್ಕಾಚಾರದಿಂದ ಹೀಗೆ ಮಾಡುತ್ತಾರೆ ಎಂದು ನನಗೆ ಅನ್ನಿಸುತ್ತದೆ, ಮತ್ತು ಇದು ಆ ಒಂದು ಕಂಪನಿಯದಷ್ಟೇ ಅಭ್ಯಾಸವೂ ಅಲ್ಲ. ಆಮೇಲೆ ನಾನು ನೋಡಿದ ಬೇರೆ ಚೀಟಿಗಳಲ್ಲಿಯೂ ಮಳೆಗಾಲದ ಪ್ರವಾಸಕ್ಕೆ ಸಹಸ್ರಲಿಂಗದ ಹೆಸರಿತ್ತು.

ಜೋಗ ತಲುಪುವಾಗ ಸಂಜೆಯಾಗಿತ್ತು. ಒಂದು ತಾಸಿನಲ್ಲಿ ಬಸ್ಸಿಗೆ ಬರಬೇಕೆಂದು ಸೀಟಿ ಊದಿ ಹೇಳಿದರು. ಆ ತಾಸಿನಲ್ಲಿ ಟಿಕೆಟ್ ಸಾಲು, ಶೌಚಾಲಯದ ಸಾಲು, ಮೊಣಕಾಲು ನೋವಿನ ತಾಯಿಯನ್ನು ನಿಧಾನವಾಗಿ ನಡೆಸಿಕೊಂಡು ಹೋಗುವುದು, ಇವೆಲ್ಲ ಕಳೆದು ಕಂಬಿಯ ಬಳಿ ನಿಂತದ್ದು ಅರ್ಧ ತಾಸು. ಮಂಜು ಕದಲಲಿಲ್ಲ. ನಮ್ಮ ಅವ್ವ ಕಂಬಿ ಹಿಡಿದು, ಸದ್ದು ಬರುವ ದಿಕ್ಕಿಗೆ ಮುಖ ಮಾಡಿ, ರೆಪ್ಪೆ ಬಡಿಯದೆ ನಿಂತಿದ್ದಳು. ಅಷ್ಟರಲ್ಲಿ “ಲಗೂ ಬರ್ರಿ, ಬಸ್ ಬಿಡತೈತಿ” ಎಂದು ಕರೆ ಬಂತು. ನಾವು ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಾಗ ಹಿಂದಿನಿಂದ ಜನರ ಕೂಗು ಕೇಳಿಸಿತು. ಮಂಜು ಆಗ ಸರಿದಿತ್ತು. ಕೆಳಗೆ ಇಳಿಯಲು ಬಿಡಲಿಲ್ಲ. ಊಟ ಚೆನ್ನಾಗಿತ್ತು, ಚಾಲಕ ಜಾಗರೂಕನಾಗಿದ್ದ, ಅದನ್ನು ಹೇಳದಿರುವುದು ಸರಿಯಲ್ಲ. ಆದರೆ ಜೋಗ ತೋರಿಸುತ್ತೇವೆಂದು ಹಣ ಪಡೆದವರು ಜೋಗಕ್ಕೆ ಕೊಟ್ಟದ್ದು ದಿನದ ಉಳಿಕೆಯ ಹೊತ್ತನ್ನು.

ಸಾಮಾನ್ಯ ಬಸ್ಸುಗಳಲ್ಲಿ ಹೋಗುವುದು ಎಲ್ಲಕ್ಕಿಂತ ಅಗ್ಗ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಮನೆಯ ಹೆಂಗಸರಿಗೆಲ್ಲ ಆಧಾರ್ ತೋರಿಸಿದರೆ ಶೂನ್ಯ ದರದ ಟಿಕೆಟ್. ನಮ್ಮ ಮನೆಯಲ್ಲಿ ನನ್ನೊಬ್ಬನ ಟಿಕೆಟ್ಟಿನ ಖರ್ಚು ಮಾತ್ರ ಬಿತ್ತು. ಹುಬ್ಬಳ್ಳಿಯಿಂದ ಶಿರಸಿಗೆ ಬಸ್ಸುಗಳಿಗೆ ಕೊರತೆಯಿಲ್ಲ. ತೊಂದರೆ ಇರುವುದು ಅಲ್ಲಿಂದಾಚೆ. ರವಿವಾರ ಸಿದ್ದಾಪುರದ ಕಡೆಗೆ ಹೋಗುವ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರಲಿಲ್ಲ, ತಾಯಿಯನ್ನು ಕೂರಿಸಲು ಒಬ್ಬ ಹುಡುಗ ತಾನಾಗಿ ಎದ್ದು ಸೀಟು ಕೊಟ್ಟದ್ದರಿಂದ ಅನುಕೂಲವಾಯಿತು. ಜೋಗದಲ್ಲಿ ಎಷ್ಟು ಹೊತ್ತಾದರೂ ಇರಲು ನಾವು ಸ್ವತಂತ್ರರು ಎಂಬುದು ಮಾತಿಗೆ ಮಾತ್ರ. ಸಿದ್ದಾಪುರದ ಬಸ್ಸು ತಪ್ಪಿದರೆ ಶಿರಸಿಯಲ್ಲಿ ಹುಬ್ಬಳ್ಳಿಯ ಬಸ್ಸು ತಪ್ಪುತ್ತದೆ, ಅದು ತಪ್ಪಿದರೆ ಸೋಮವಾರದ ಕೆಲಸ ತಪ್ಪುತ್ತದೆ ಎಂಬ ಚಿಂತೆ ಮಧ್ಯಾಹ್ನದಿಂದಲೇ ಶುರುವಾಗುತ್ತದೆ. ಜಲಪಾತ ನೋಡುತ್ತ ನಿಂತವನು ಗಡಿಯಾರ ನೋಡುತ್ತಲೇ ಇದ್ದೆ. ಶಿರಸಿಯಲ್ಲಿಯೋ ಸಾಗರದಲ್ಲಿಯೋ ಒಂದು ರಾತ್ರಿ ಉಳಿಯಬಲ್ಲವರಿಗೆ, ಅಥವಾ ಬೆನ್ನಿಗೊಂದು ಚೀಲ ಹಾಕಿ ಹೊರಡುವ ಕಾಲೇಜು ಹುಡುಗರಿಗೆ, ಇದು ಬಹಳ ಒಳ್ಳೆಯ ದಾರಿ. ಒಂದೇ ದಿನದ ಮಟ್ಟಿಗೆ, ವಯಸ್ಸಾದವರ ಜೊತೆಗೆ, ಇದನ್ನು ನಾನು ಹೇಳಲಾರೆ.

ಸಾರಿಗೆ ಸಂಸ್ಥೆಯ ವಿಶೇಷ ಬಸ್ಸು ಇವೆರಡರ ನಡುವೆ ಇದೆ. ನಾವು ಹೋದದ್ದು ರಾಜಹಂಸ. ಶಕ್ತಿ ಯೋಜನೆ ರಾಜಹಂಸಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ ಎಲ್ಲರಿಗೂ ಟಿಕೆಟ್ ತೆಗೆಸಿದೆವು. ಆದರೂ ಒಟ್ಟು ಖರ್ಚು ಟೂರ್ ಕಂಪನಿಗೆ ಕೊಟ್ಟದ್ದಕ್ಕಿಂತ ಬಹಳ ಕಡಿಮೆ. ಊಟ ಸೇರಿಲ್ಲ, ಅದಕ್ಕೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡಿದ್ದೆವು. ಬಸ್ಸು ನಿಲ್ದಾಣದಿಂದ ಹೇಳಿದ ಹೊತ್ತಿಗೆ ಹೊರಟಿತು, ಯಾರ ಮನೆಯ ಮುಂದೆಯೂ ನಿಲ್ಲಲಿಲ್ಲ. ಶಿರಸಿಯಲ್ಲಿ ಮಾರಿಕಾಂಬೆಯ ದರ್ಶನಕ್ಕೆ ಸ್ವಲ್ಪ ಹೊತ್ತು, ಅದು ದಾರಿಯಲ್ಲಿಯೇ ಇರುವ ದೇವಸ್ಥಾನವಾದ್ದರಿಂದ ಸುತ್ತಿಲ್ಲ. ಅಲ್ಲಿಂದ ಸಿದ್ದಾಪುರ, ಮಾವಿನಗುಂಡಿ ದಾಟಿ ನೇರ ಜೋಗ. ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ನಾವು ಅಲ್ಲಿದ್ದೆವು, ಹೊರಡುವುದು ಸಂಜೆಗೆ ಎಂದು ನಿರ್ವಾಹಕರು ಇಳಿಯುವಾಗಲೇ ಹೇಳಿದರು.

ಆ ದಿನವೂ ಮಂಜು ಇತ್ತು. ಆದರೆ ಈ ಸಲ ಅದಕ್ಕೆ ಹೆದರುವ ಕಾರಣ ಇರಲಿಲ್ಲ. ಅವ್ವನನ್ನು ಬೆಂಚಿನ ಮೇಲೆ ಕೂರಿಸಿ, ಮಕ್ಕಳಿಗೆ ಉಪ್ಪು ಖಾರ ಸವರಿದ ಅನಾನಸ್ ಹೋಳು ಕೊಡಿಸಿ, ನಾನೂ ಹೆಂಡತಿಯೂ ಕಂಬಿಯ ಬಳಿ ನಿಂತೆವು. ಬಹಳ ಹೊತ್ತಿನ ಮೇಲೆ ಗಾಳಿ ತಿರುಗಿತು. ಮೊದಲು ಕಂಡದ್ದು ಎಡಗಡೆಯ ರಾಜಾ, ಅದೂ ತಲೆ ಮಾತ್ರ; ಬಂಡೆಯ ಅಂಚಿನಲ್ಲಿ ನೀರು ಬಾಗುವುದು ಕಂಡಿತೇ ಹೊರತು ಅದು ಎಲ್ಲಿಗೆ ಬೀಳುತ್ತದೆ ಎಂಬುದು ಕಾಣಲಿಲ್ಲ. ಆಮೇಲೆ ಮಂಜು ಕೆಳಗಿನಿಂದ ಹರಿಯತೊಡಗಿ, ಬಂಡೆಗೆ ಬಡಿದು ಚಿಮ್ಮುವ ರಾಕೆಟ್, ಪದರ ಪದರವಾಗಿ ಇಳಿಯುವ ರಾಣಿ, ಕೊನೆಗೆ ರೋರರ್ ಎಲ್ಲವೂ ಒಟ್ಟಿಗೆ ತೆರೆದುಕೊಂಡವು. ಅವ್ವ ತಾನಾಗಿಯೇ ಎದ್ದು ಬಂದು ನನ್ನ ತೋಳು ಹಿಡಿದಳು. ಮೂರು ನಿಮಿಷವಾಗಿರಬಹುದು, ಮತ್ತೆ ಕವಿಯಿತು. ಮಕ್ಕಳ ಮುಖ ಸಪ್ಪಗಾದದ್ದನ್ನು ನೋಡಿ, ಚಹಾ ಕುಡಿಯುತ್ತ ನಿಂತಿದ್ದ ನಮ್ಮ ನಿರ್ವಾಹಕರು “ಇನ್ನೂ ಹೊತ್ತೈತಿ, ನಿಂದ್ರ್ರಿ, ಮತ್ತ ಸರೀತೈತಿ” ಎಂದರು. ಹೊರಡುವ ಮೊದಲು ಮಂಜು ಹಲವು ಬಾರಿ ಸರಿಯಿತು, ಪ್ರತಿ ಬಾರಿಯೂ ಬೇರೆ ಬೇರೆ ಧಾರೆ ಮೊದಲು ಕಂಡಿತು. ಪ್ಯಾಕೇಜಿನಲ್ಲಿ ಒಂದು ಸ್ಥಳದ ಹೆಸರು ಕಡಿಮೆಯಾದರೆ ಏನು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ನನ್ನಲ್ಲಿಲ್ಲ.

ಯಾವ ತಿಂಗಳು ಎಂಬ ಪ್ರಶ್ನೆಯೂ ಇದಕ್ಕೆ ಸೇರಿದ್ದೇ. ಜೋಗದ ಮೇಲ್ಭಾಗದಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯ ಬಹುಪಾಲು ನೀರನ್ನು ವಿದ್ಯುತ್ತಿಗಾಗಿ ಹಿಡಿದಿಡುತ್ತದೆ. ಜೂನ್, ಜುಲೈಯಲ್ಲಿ ನಾವು ನೋಡುವುದು ಹೆಚ್ಚಾಗಿ ಅಣೆಕಟ್ಟಿನಿಂದ ಈಚೆಗಿನ ಕಾಡಿನಲ್ಲಿ ಬಿದ್ದ ಮಳೆಯ ನೀರು. ಜಲಾಶಯವು 1819 ಅಡಿಯ ಗರಿಷ್ಠ ಮಟ್ಟಕ್ಕೆ ಸಮೀಪಿಸಿ ಗೇಟು ತೆರೆದರೆ ನೋಟವೇ ಬೇರೆ, ಆದರೆ ಆ ಸುದ್ದಿ ಪತ್ರಿಕೆಯಲ್ಲಿ ಬಂದ ರವಿವಾರ ಜನಜಂಗುಳಿಯೂ ಬೇರೆ. ಮಳೆ ಒಂದೆರಡು ದಿನ ಚೆನ್ನಾಗಿ ಸುರಿದು ಸ್ವಲ್ಪ ಹೊಳವಾದ ಮೇಲಿನ ವಾರ ನನಗೆ ಹೆಚ್ಚು ಇಷ್ಟ.

ಕೊಡೆ ಬೇಡ, ಅಲ್ಲಿಯ ಗಾಳಿಗೆ ಅದು ಉಲ್ಟಾ ಆಗುತ್ತದೆ, ರೇನ್‌ಕೋಟ್ ಒಯ್ಯಿರಿ.

ನನ್ನ ಆಯ್ಕೆ ನನ್ನ ಸ್ಥಿತಿಗೆ ತಕ್ಕದ್ದು ಎಂಬುದನ್ನು ಹೇಳಬೇಕು. ನನಗೆ ವಾರಕ್ಕೆ ಒಂದೇ ರಜೆ, ಲಾಡ್ಜಿನ ಖರ್ಚು ನಮ್ಮ ಬಜೆಟ್ಟಿಗೆ ಹೊರೆ, ಮತ್ತು ಒಂದು ಸ್ಥಳಕ್ಕೆ ಹೋದರೆ ಅದನ್ನು ಸಾಕೆನಿಸುವಷ್ಟು ನೋಡಬೇಕೆನ್ನುವ ಸ್ವಭಾವ ನನ್ನದು. ಬುತ್ತಿ ಕಟ್ಟುವ ಶ್ರಮ ಬೇಡ, ಬೆಳಗಿನ ಜಾವ ಆಟೋ ಹುಡುಕಿ ನಿಲ್ದಾಣಕ್ಕೆ ಹೋಗುವುದು ಬೇಡ, ನಾಲ್ಕಾರು ಊರುಗಳನ್ನು ಮೇಲುಮೇಲೆ ನೋಡಿ ಬಂದರೂ ಸಂತೋಷ ಎನ್ನುವವರಿಗೆ ಟೂರ್ ಬಸ್ಸು ಅನುಕೂಲವೇ. ಅವರು ಮುಂಗಡ ಕೊಡುವ ಮೊದಲು ಜೋಗದಲ್ಲಿ ಎಷ್ಟು ತಾಸು ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು.

ವಿಶೇಷ ಬಸ್ಸಿನ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸಬಹುದು. ರವಿವಾರದ ಸೀಟುಗಳು ಶನಿವಾರದವರೆಗೆ ಉಳಿಯುವುದಿಲ್ಲ. ಶಿರಸಿಯಿಂದಾಚೆ ತಿರುವುಗಳು ಹೆಚ್ಚು, ಹಿಂದಿನ ಸಾಲಿನಲ್ಲಿ ಕೂತವರಿಗೆ ವಾಂತಿಯ ತೊಂದರೆ ಆಗುವುದನ್ನು ಕಂಡಿದ್ದೇನೆ, ಆದ್ದರಿಂದ ವಯಸ್ಸಾದವರಿಗೂ ಮಕ್ಕಳಿಗೂ ಚಾಲಕನ ಹಿಂದಿನ ಎರಡು ಮೂರು ಸಾಲುಗಳಲ್ಲಿಯೇ ಸೀಟು ಆರಿಸಿಕೊಳ್ಳಿ.