ಸಣ್ಣ ರೋಲೋ, ಚೌಕ ಪೆಂಡಿಯೋ? ನೆಲ್ಲು ಹುಲ್ಲಿಗೆ ಮೂರು ಬೇಲರ್ ಓಡಿಸಿ ನೋಡಿದ್ದು

ಬೇಲರ್ ಅಂದ್ರೆ ಗದ್ದೆಯಲ್ಲಿ ಬಿದ್ದ ಹುಲ್ಲು ಎತ್ತಿಕೊಂಡು ರೋಲು ಇಲ್ಲಾ ಪೆಂಡಿ ಕಟ್ಟುವ, ಟ್ರ್ಯಾಕ್ಟರಿಗೆ ಜೋಡಿಸುವ ಮಷಿನ್. ಮೊದಲೇ ಹೇಳಿಬಿಡುತ್ತೇನೆ, ನಾನು ಕೊನೆಗೆ ತಗೊಂಡಿದ್ದು ಸಣ್ಣ ರೌಂಡ್ ಬೇಲರ್. ಸಿಂಧನೂರಿನ ನಮ್ಮ ಭಾವ ತಗೊಂಡಿದ್ದು ಚೌಕ ಪೆಂಡಿ ಕಟ್ಟುವಂಥದ್ದು. ಇಬ್ಬರದೂ ಒಂದೇ ಕಾಲುವೆಯ ನೀರು, ಒಂದೇ ನೆಲ್ಲು, ಆದರೂ ಲೆಕ್ಕ ಬೇರೆ ಬೇರೆ ಆಯ್ತು. ಯಾಕೆ ಅಂತ ಬರೆಯುತ್ತೇನೆ.

ನಮ್ಮದು ಕಾರಟಗಿ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ 12 ಎಕರೆ, ಎರೆ ಭೂಮಿ. ಟ್ರ್ಯಾಕ್ಟರ್ 42 ಎಚ್‌ಪಿ, ಹಳೇದು. ಮನೆಯಲ್ಲಿ ಆರು ಎಮ್ಮೆ, ಒಂದು ಜೋಡಿ ಎತ್ತು. ಕುಡುಗೋಲಿನಲ್ಲಿ ಕೊಯ್ಯುವಾಗ ಹುಲ್ಲಿನ ಚಿಂತೆಯೇ ಇರಲಿಲ್ಲ, ಬಡಿದ ಮೇಲೆ ಬಣವೆ ಒಟ್ಟಿದರೆ ವರ್ಷ ಕಳೆಯುತ್ತಿತ್ತು. ಕಟಾವು ಮಷಿನ್ ಬಂತು, ಹುಲ್ಲು ಗದ್ದೆ ತುಂಬ ಚೆಲ್ಲಾಪಿಲ್ಲಿ ಆಯ್ತು. ಬಳಿಯೋಕೆ ಆಳು ಸಿಗಲ್ಲ, ಎರಡನೇ ಬೆಳೆಗೆ ಅವಸರ, ಕಡ್ಡಿ ಗೀರೋದು ಸುಲಭ. ನಾನೂ ಗೀರಿದವನೇ, ಸುಳ್ಳು ಹೇಳಲ್ಲ. ಡಿಸೆಂಬರಿನಲ್ಲಿ ಸುಟ್ಟು, ಮೇ ತಿಂಗಳಲ್ಲಿ ದುಡ್ಡು ಕೊಟ್ಟು ಅದೇ ಹುಲ್ಲು ತರುತ್ತಿದ್ದೆ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ, ನೀರೆಲ್ಲ ಹೊಳೆಗೆ ಹರಿದುಹೋಗುತ್ತಿದೆ ಅಂತ ಊರೆಲ್ಲ ಗಾಬರಿಯಾದಾಗ ನಮ್ಮ ಹಿತ್ತಲ ಬಣವೆ ಎದೆ ಎತ್ತರವೂ ಇರಲಿಲ್ಲ. ಆಮೇಲಿನ ಎರಡು ಕಟಾವಿನಲ್ಲಿ ಸಿಕ್ಕ ಸಿಕ್ಕ ಬೇಲರ್ ಬಾಡಿಗೆಗೆ ಕರೆಸಿದೆ. ಡೆಮೋ ಕೊಡ್ತೀವಿ ಅಂದವರನ್ನೂ ಬಿಡಲಿಲ್ಲ.

ದೊಡ್ಡ ರೌಂಡ್ ಬೇಲರಿನ ಕತೆ ಬೇಗ ಮುಗಿಯುತ್ತೆ. ಬಾಡಿಗೆಯವರು 2 ಎಕರೆ ಸುತ್ತಿಕೊಟ್ಟರು. ನಾಲ್ಕು ಅಡಿ ಎತ್ತರದ ಉಂಡೆ, ಮೇಲೆ ಬಲೆ ಸುತ್ತಿದ್ದು, ನೋಡೋಕೆ ಗುಡಾಣದ ಹಾಗೆ ಚೆಂದ. ಒಂದೊಂದೂ ಒಂದೂವರೆ ಕ್ವಿಂಟಾಲಿನ ಮೇಲೆ. ಮಷಿನ್ ಹೊರಟುಹೋಯ್ತು, ಉಂಡೆ ಗದ್ದೆಯಲ್ಲೇ ಕೂತವು. "ಇದನ್ನ ಯಾರ್ ಎತ್ತಬೇಕ್ರಿ ಯಜಮಾನ್ರ?" ಅಂತ ನಮ್ಮ ಆಳು ಕೇಳಿದ. ನಾಲ್ಕು ಜನ ಸೇರಿ ಉರುಳಿಸಿದೆವು, ಒಂದು ಬದು ದಾಟಿ ಸೀದಾ ಹೊಲಗಾಲುವೆಗೆ ಇಳಿಯಿತು. ಸರಪಳಿ ಹಾಕಿ ಎಳೆದರೆ ಅರ್ಧ ಅಲ್ಲೇ ಬಿಚ್ಚಿಕೊಂಡಿತು. 60 ಎಚ್‌ಪಿ ದಾಟಿದ ಟ್ರ್ಯಾಕ್ಟರ್, ಮುಂದೆ ಲೋಡರ್, ಅಗಲವಾದ ಮಡಿ ಇದ್ದವರು ನೋಡಲಿ. ನಮ್ಮಂಥ ಬದು ಬದುವಿಗೆ ಮಡಿ ಇರೋ ಕಡೆ ಅದು ತಿರುಗಲೂ ಒದ್ದಾಡುತ್ತೆ.

ಚೌಕ ಪೆಂಡಿಯ ಬೇಲರ್ ಮಾತ್ರ ಮೊದಲ ದಿನ ನನ್ನ ಮನಸ್ಸು ಗೆದ್ದಿತ್ತು. ಅದು ನಿಲ್ಲೋದೇ ಇಲ್ಲ. ಮುಂದೆ ಹುಲ್ಲು ನುಂಗುತ್ತಾ, ಒಳಗೆ ದಬದಬ ಅಂತ ಗುದ್ದುತ್ತಾ, ಹಿಂದೆ ಪೆಂಡಿ ಹಾಕುತ್ತಾ ಹೋಗುತ್ತೆ. ಎಕರೆಗೆ ಮುಕ್ಕಾಲು ಗಂಟೆಯೂ ಬೇಕಾಗಲಿಲ್ಲ. ಪ್ರತಿ ಗುದ್ದಿಗೂ ಹುಲ್ಲು ಒಂದೊಂದು ಪದರ ಆಗಿ ಕೂರುತ್ತೆ, ಹಾಗಾಗಿ ದಾರ ಕಿತ್ತರೆ ರೊಟ್ಟಿ ಅಡುಕು ತೆಗೆದ ಹಾಗೆ ಒಂದೊಂದೇ ಪದರ ತೆಗೆದು ಗೋದಲಿಗೆ ಹಾಕಬಹುದು. ಲಾರಿಗೆ ಒಟ್ಟಿದರೆ ಸಂದು ಇಲ್ಲದೆ ಇಟ್ಟಿಗೆ ತರ ಕೂರುತ್ತವೆ.

ತೊಂದರೆ ಶುರುವಾಗಿದ್ದು ಗಂಟಿನಿಂದ. ಈ ಮಷಿನ್ ಎರಡು ದಾರ ಹಾಕಿ ಎರಡಕ್ಕೂ ಗಂಟು ಬಿಗಿಯಬೇಕು, ಅದಕ್ಕೆ ನಾಟರ್ ಅಂತ ಎರಡು ಪುಟ್ಟ ಯಂತ್ರ ಇರುತ್ತವೆ. ದೂಳು, ಹುಲ್ಲಿನ ತುಂಡು ಸೇರಿ ಒಂದು ಕಡೆ ಗಂಟು ತಪ್ಪಿದರೆ ಪೆಂಡಿ ಬಾಳೆಕಾಯಿ ತರ ಬಾಗಿ ಒಡೆಯುತ್ತೆ. ನಮ್ಮ ಗದ್ದೆಯಲ್ಲಿ ಆಪರೇಟರ್ ಒಂದೂವರೆ ಗಂಟೆ ಪಾನಾ ಹಿಡಿದು ಕೂತಿದ್ದ, ಒಳ್ಳೆ ಕೆಲಸಗಾರನೇ ಪಾಪ. ನೆಲ್ಲು ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಕೈಗೆ ಮೆತ್ತಗಿದ್ದರೂ ಕಬ್ಬಿಣಕ್ಕೆ ಅದು ಅರ ಇದ್ದ ಹಾಗೆ, ಚಾಕು ಬೇಗ ಮೊಂಡಾಗುತ್ತೆ. ಇನ್ನೊಂದು, ತೂಕ. ನವೆಂಬರ್-ಡಿಸೆಂಬರಿನಲ್ಲಿ ಎರೆ ಮಣ್ಣು ಒಳಗೆ ಹಸಿಯಾಗೇ ಇರುತ್ತೆ, ಮೇಲೆ ಒಣಗಿದ ಹಾಗೆ ಕಾಣುತ್ತೆ ಅಷ್ಟೇ. ಮೂಲೆ ಮಡಿಯಲ್ಲಿ ಚಕ್ರ ಹೂತು, ಎಳೆಯೋಕೆ ಇನ್ನೊಂದು ಟ್ರ್ಯಾಕ್ಟರ್ ಬಂತು. 50 ಎಚ್‌ಪಿಗೆ ಕಮ್ಮಿ ಇದ್ದರೆ ಆ ಕಡೆ ನೋಡಲೇಬೇಡಿ. ನನಗೆ ಹೇಳಿದ ದರ ಹತ್ತು ಲಕ್ಷದ ಮೇಲೆ, ಜೊತೆಗೆ ಹೊಸ ಟ್ರ್ಯಾಕ್ಟರ್ ಬೇರೆ ಅಂದರೆ ಎಮ್ಮೆ ಮಾರಿ ಹುಲ್ಲು ಕಟ್ಟಿದ ಹಾಗಾಗುತ್ತೆ.

ಈಗ ಸಣ್ಣ ರೌಂಡ್. ಎರಡು ಅಡಿ ದಪ್ಪ, ಮೂರು ಅಡಿ ಉದ್ದದ ರೋಲು, ನಮ್ಮಲ್ಲಿ 15ರಿಂದ 20 ಕೆಜಿ ತೂಗಿತು. ಒಬ್ಬ ಹೆಣ್ಣಾಳು ತಲೆ ಮೇಲೆ ಹೊತ್ತು ಬದು ದಾಟುತ್ತಾಳೆ. ನನಗೆ ಇದೇ ದೊಡ್ಡ ಮಾತಾಯ್ತು, ಯಾಕಂದ್ರೆ ನಮ್ಮ ಅರ್ಧ ಮಡಿಗಳಿಗೆ ಟ್ರೈಲರ್ ಹೋಗಲ್ಲ. ಒಳಗೆ ರೋಲರ್‌ಗಳು ತಿರುಗುತ್ತಾ ಹುಲ್ಲನ್ನು ಚಾಪೆ ಸುತ್ತಿದ ಹಾಗೆ ಸುತ್ತುತ್ತವೆ. ತುಂಬಿದ ಕೂಡಲೇ ಟ್ರ್ಯಾಕ್ಟರ್ ನಿಲ್ಲಿಸಬೇಕು, ಪಿಟಿಒ (ಬೇಲರಿಗೆ ಶಕ್ತಿ ಕೊಡುವ ಟ್ರ್ಯಾಕ್ಟರಿನ ಹಿಂದಿನ ದಂಡ) ಮಾತ್ರ ತಿರುಗುತ್ತಾ ಇರಬೇಕು, ದಾರ ಸುತ್ತಿಕೊಳ್ಳುತ್ತೆ, ಹಿಂದಿನ ಬಾಗಿಲು ಎತ್ತಿದರೆ ರೋಲು ಹೊರಗೆ. ಗಂಟೇ ಇಲ್ಲ! ಎಳೆ ಮೇಲೆ ಎಳೆ ಬಿಗಿಯಾಗಿ ಸುತ್ತಿ ಕತ್ತರಿಸಿಬಿಡುತ್ತೆ. ನಾಟರ್ ಇಲ್ಲ ಅಂದ್ರೆ ಅರ್ಧ ತಲೆನೋವು ಇಲ್ಲ.

ಆದರೆ ಆ ನಿಲ್ಲಿಸೋದು ಇದೆಯಲ್ಲ, ಎಕರೆಗೆ ಸುಮಾರು 50 ಸಲ. ಸಂಜೆಗೆ ಕ್ಲಚ್ ಕಾಲು ನಮ್ಮದಲ್ಲ ಅನ್ನಿಸುತ್ತೆ. ಎಕರೆಗೆ ಒಂದೂಕಾಲು ಗಂಟೆ ಹಿಡಿಯಿತು. ಹುಲ್ಲಿನ ಸಾಲು ಒಂದೇ ಕಡೆ ದಪ್ಪ ಇದ್ದರೆ ರೋಲು ಒಂದು ಬದಿ ಊದಿಕೊಂಡು ದಾರ ಜಾರುತ್ತೆ, ಹಾಗಾಗಿ ಸ್ವಲ್ಪ ಎಡಕ್ಕೆ ಸ್ವಲ್ಪ ಬಲಕ್ಕೆ ಹಾವಿನ ಹಾಗೆ ಓಡಿಸುವುದು ಕಲಿಯಬೇಕು. ನಡುಭಾಗ ಸಡಿಲ ಇರುತ್ತೆ. ಒಟ್ಟುವುದೂ ಕಷ್ಟ, ಬುಡಕ್ಕೆ ಕಲ್ಲು ಇಡದಿದ್ದರೆ ಸಾಲೇ ಜಾರುತ್ತೆ. ಒಮ್ಮೆ ರಾತ್ರಿ ಎಂಟು-ಹತ್ತು ರೋಲು ಉರುಳಿ ಎತ್ತಿನ ಮುಂದೆ ಬಿದ್ದವು, ಬೆಳಿಗ್ಗೆ ನೋಡಿದರೆ ಎತ್ತುಗಳಿಗೆ ಹಬ್ಬ.

ಸಣ್ಣದರಲ್ಲೇ ಎರಡು ಕಂಪನಿಯವು ನೋಡಿದೆ, ಹೆಸರು ಬೇಡ. ಒಂದಕ್ಕೆ ಬರೀ ಶೇರ್ ಬೋಲ್ಟ್, ಅಂದ್ರೆ ಭಾರ ಜಾಸ್ತಿಯಾದರೆ ತಾನು ತುಂಡಾಗಿ ಮಷಿನ್ ಉಳಿಸುವ ಬೋಲ್ಟ್. ಹಸಿ ಹುಲ್ಲಿನ ಗುಪ್ಪೆ ಸಿಕ್ಕರೆ ಬೋಲ್ಟ್ ಟಪ್ ಅಂತ ತುಂಡಾಗುತ್ತೆ, ಒಂದೇ ದಿನ ಏಳು ಹೋದವು. ಇನ್ನೊಂದಕ್ಕೆ ಸ್ಲಿಪ್ ಕ್ಲಚ್ ಇತ್ತು, ಭಾರ ಜಾಸ್ತಿಯಾದರೆ ಜಾರಿಕೊಂಡು ಉಳಿಯುತ್ತೆ. ಬೆಲೆ ಸ್ವಲ್ಪ ಮೇಲೆ, ಮೂರೂವರೆ ಲಕ್ಷದ ಆಸುಪಾಸು. ತಗೊಳ್ಳೋ ಮುಂಚೆ ಅದರ ಬೇರಿಂಗ್ ನಂಬರ್, ಚೈನ್ ಅಳತೆ ಚೀಟಿಯಲ್ಲಿ ಬರೆದುಕೊಂಡು ಗಂಗಾವತಿಯಲ್ಲಿ ಮೂರು ಅಂಗಡಿ ಸುತ್ತಿದೆ. ಎರಡು ಅಂಗಡಿಯಲ್ಲಿ ಸಿಕ್ಕಿತು, ಅದಕ್ಕೇ ಅದನ್ನೇ ತಗೊಂಡೆ. ಕಟಾವು ಸುಗ್ಗಿ ಹದಿನೈದು-ಇಪ್ಪತ್ತು ದಿನ, ಅದರಲ್ಲಿ ನಾಲ್ಕು ದಿನ ಪಾರ್ಸೆಲ್ ಕಾಯುತ್ತಾ ಕೂತರೆ ಏನು ಉಳಿಯುತ್ತೆ?

ಸಹಾಯಧನ ಬೇಕಾದವರು ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಯಾವ ಮಾಡೆಲ್ ಪಟ್ಟಿಯಲ್ಲಿದೆ ಕೇಳಿ, ಅರ್ಜಿ ಹಾಕಿ, ಆಮೇಲೆ ಶೋರೂಮಿಗೆ ಹೋಗಿ.

ದಾರದ ಬಗ್ಗೆ ನಮ್ಮವ್ವನ ಹಟ ಇದೆ: ಸೆಣಬಿನದೇ ಬೇಕು. ಪ್ಲಾಸ್ಟಿಕ್ ದಾರ ಅಗ್ಗ, ಇಲಿ ಬೇಗ ಕಡಿಯಲ್ಲ, ನಿಜ. ಆದರೆ ನುಣುಪಾಗಿರುತ್ತೆ, ಗಂಟಿಲ್ಲದ ರೋಲಿನಲ್ಲಿ ಜಾರುತ್ತೆ. ಹುಲ್ಲಿನ ಜೊತೆ ಎಮ್ಮೆ ಹೊಟ್ಟೆ ಸೇರಿದರೆ ಅಲ್ಲೇ ಉಳಿಯುತ್ತೆ. ಅವ್ವ ಸೆಣಬಿನ ದಾರವನ್ನೂ ಬಿಡಲ್ಲ, ಬಿಚ್ಚಿದ್ದೆಲ್ಲ ಕೊಟ್ಟಿಗೆ ಮೊಳೆಗೆ ನೇತು ಹಾಕುತ್ತಾಳೆ.

ಯಾವ ಬೇಲರ್ ತಂದರೂ ಎರಡು ಮಾತು. ಕಟಾವು ಮಷಿನ್ ಡ್ರೈವರಿಗೆ ಮೊದಲೇ ಹೇಳಿ ಕೆಳಗೆ ಕೊಯ್ಯಿಸಿ, ಇಲ್ಲಾಂದ್ರೆ ಅರ್ಧ ಹುಲ್ಲು ಕೂಳೆಯಲ್ಲೇ ಉಳಿಯುತ್ತೆ. ಇನ್ನು ಹಸಿ. ಡಿಸೆಂಬರಿನಲ್ಲಿ ಇಬ್ಬನಿ ಆರುವ ಮುಂಚೆ, ಬೆಳಿಗ್ಗೆ ಎಂಟಕ್ಕೇ ಅವಸರ ಮಾಡಿ 30 ರೋಲು ಸುತ್ತಿದೆ. ವಾರದ ಮೇಲೆ ಕೈ ತೂರಿಸಿದರೆ ಒಳಗೆ ಬಿಸಿ ಬಿಸಿ, ಬಿಳೀ ಬೂಸ್ಟು. ಅಷ್ಟೂ ತಿಪ್ಪೆಗೆ ಹೋಯ್ತು. ಈಗ ಒಂದು ಹಿಡಿ ಹುಲ್ಲು ತಿರುಚಿ ನೋಡುತ್ತೇನೆ, ಪಟಪಟ ಅಂತ ಮುರಿದರೆ ಮಾತ್ರ ಗಾಡಿ ಸ್ಟಾರ್ಟ್.

ಭಾವನ ಲೆಕ್ಕಕ್ಕೆ ಬರುತ್ತೇನೆ. ಅವರ ಮನೆಯಲ್ಲಿ ಒಂದೂ ಎಮ್ಮೆ ಇಲ್ಲ. ಅವರ ಹುಲ್ಲು ಲಾರಿ ಹತ್ತಿ ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿ ಊರುಗಳಿಗೆ ಹೋಗುತ್ತೆ. ಲಾರಿ ಬಾಡಿಗೆ ಒಂದೇ ಆದ ಮೇಲೆ ಜಾಸ್ತಿ ಹುಲ್ಲು ಹಿಡಿಸಬೇಕು, ಅಲ್ವಾ? ಅದಕ್ಕೆ ಚೌಕದ್ದೇ ಸರಿ. 55 ಎಚ್‌ಪಿ ಟ್ರ್ಯಾಕ್ಟರ್ ಮೊದಲೇ ಇತ್ತು, ಮಡಿಗಳೂ ಅಗಲ. ನಾನು 50 ಸಲ ನಿಲ್ಲಿಸೋದು ನೋಡಿ, "ಏನೋ, ಸಿಟಿ ಬಸ್ ಓಡಿಸ್ತೀಯೇನು?" ಅಂತ ನಗುತ್ತಿದ್ದರು.

ಹೋದ ಕಟಾವಿನಲ್ಲಿ ಅವರ ಕೆಳಗಿನ ಮಡಿ ಹಸಿ ಇತ್ತು, ಚೌಕದ್ದು ಇಳಿಯಲಿಲ್ಲ. ನನ್ನದನ್ನು ಒಯ್ದು 3 ಎಕರೆ ಸುತ್ತಿ ಬಂದೆ. ಬಾಡಿಗೆ ತಗೊಳ್ಳಲಿಲ್ಲ, ದಾರ ಮಾತ್ರ ಅವರದೇ ಹಾಕಿಸಿದೆ.